ಒಂಟಿ ತಂತಿಯ ದೀಪ

ಕುಕನೂರು
೨೬ ಏಪ್ರಿಲ್ ೧೯೮೩, ಮಂಗಳವಾರ

ಒಂದು ಮಾತನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ಆ ಕಬ್ಬಿಣದ ಕೊಳವೆಯನ್ನು ಎಲ್ಲಿ ಹುಗಿಯಬೇಕೆಂದು ತೋರಿಸಿದವಳು ನಾನು. ಮೈದುನ ಕೊಟ್ರಪ್ಪನಲ್ಲ.

ಇವತ್ತು ಕರೆಂಟಿನ ಇನ್‌ಸ್ಪೆಕ್ಟರ್ ಕೇಳಿದಾಗ ಕೊಟ್ರಪ್ಪ ತಲೆ ಕೆರೆದುಕೊಂಡು, "ನಾನ ಹುಗಿದೀನ್ರಿ ಸಾಹೇಬ್ರ, ಮತ್ತ್ಯಾರ ಹುಗೀತಾರ?" ಎಂದ. ನಾನು ಪಕ್ಕದಲ್ಲೇ ಇದ್ದೆ. ಸೆರಗು ಸರಿಮಾಡಿಕೊಂಡು ಸುಮ್ಮನೆ ನಿಂತೆ. ತಪ್ಪು ಯಾರದೆಂದು ಕೇಳಿದಾಗ ಕೈಯೆತ್ತಬೇಕು ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಿರುವವಳು.

ಮೊದಲಿನಿಂದ ಬರೆದರೆ ನನಗೇ ಸರಿಯಾಗಿ ತಿಳಿದೀತು. ನನ್ನ ಯಜಮಾನರು ವಿರುಪಣ್ಣ ಹೋದ ವರ್ಷ ಜೂನ್ ಐದಕ್ಕೆ ಎದೆನೋವಿನಿಂದ ತೀರಿಕೊಂಡರು. ಇಂಗ್ಲಿಷ್ ಶಿಕ್ಷಕರ ತರಬೇತಿಗೆಂದು ನಾನು ಧಾರವಾಡದಲ್ಲಿದ್ದೆ. ಟೆಲಿಗ್ರಾಮ್ ಕೈಸೇರಿದ್ದು ಮರುದಿನ ಮಧ್ಯಾಹ್ನ. ಬರುವಷ್ಟರಲ್ಲಿ ಹೊಲದಲ್ಲಿ ಮಣ್ಣು ಕೊಟ್ಟಾಗಿತ್ತು. ಮುಖ ನೋಡಲಿಲ್ಲ. ನಮ್ಮಲ್ಲಿ ಕೂರಿಸಿ ಹೂಳುತ್ತಾರೆ. "ಬಾವಿ ಬಾಜೂಕ, ಯಲಬುರ್ಗಿ ದಾರಿ ಕಡೆ ಮುಖ ಮಾಡಿ ಕುಂದ್ರಸೀವಿ ವೈನಿ. ನೀವು ಬರೋ ದಾರಿ ಅದ ಅಲ್ಲ" ಎಂದಿದ್ದ ಮೈದುನ ಕೊಟ್ರಪ್ಪ, ಸಮಾಧಾನಕ್ಕೆ.

ಮೇಲೆ ಮಣ್ಣಿನ ಗದ್ದುಗೆ. ವರ್ಷ ತುಂಬುವವರೆಗೆ ದಿನಾ ಸಂಜೆ ಅಲ್ಲಿ ನೀರು ಹಾಕಿ ದೀಪ ಇಡಬೇಕು, ವರ್ಷದ ದಿನ ಪೂಜೆ ಮಾಡಿ ಕಲ್ಲು ಕೂರಿಸಬೇಕು, ಅಲ್ಲಿಗೆ ದಿನದ ದೀಪ ಮುಗಿಯುತ್ತದೆ. ಇದು ಈ ಮನೆತನದ ಪದ್ಧತಿ. ಆದರೆ ಬಯಲ ಗಾಳಿಗೆ ಎಣ್ಣೆ ದೀಪ ನಿಲ್ಲುವುದಿಲ್ಲ. ಆರಿದಾಗಲೆಲ್ಲ ಅತ್ತೆ ಅಳುತ್ತಿದ್ದರು. ಅದಕ್ಕಾಗಿ ಕೊಟ್ರಪ್ಪ ಪಂಪಿನ ಕೋಣೆಯಿಂದ ಗದ್ದುಗೆಗೆ ತಂತಿ ಎಳೆದು ಬಲ್ಬು ಹಾಕಿದ. ಒಂದೇ ತಂತಿ. ಎರಡನೆಯದರ ಬದಲಿಗೆ ನೆಲ. ಗಂಗಾವತಿಯ ಕಾಲುವೆ ಹೊಲಗಳಲ್ಲಿ ಹಾಗೆ ಮಾಡುವುದನ್ನು ನೋಡಿ ಬಂದಿದ್ದ: ಕರೆಂಟು ತಂತಿಯಿಂದ ಬಲ್ಬಿಗೆ ಬರುತ್ತದೆ, ಬಲ್ಬಿನಿಂದ ನೆಲದಲ್ಲಿ ಹುಗಿದ ಕೊಳವೆಗೆ ಇಳಿಯುತ್ತದೆ. ಅಲ್ಲಿಯದು ಕೆಸರು ನೆಲ. ನಮ್ಮದು ಬಿರುಕು ಬಿಟ್ಟ ಎರೆ ಮಣ್ಣು. ಬಲ್ಬು ಬೀಡಿಯ ತುದಿಯಷ್ಟು ಕೆಂಪಾಗಿ ನಿಂತಿತು.

ಆಗ ನಾನು ಬಾಯಿ ಹಾಕಿದೆ. ನಾನು ಓದಿದ ಸಿಕಂದರಾಬಾದಿನ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಹೇಳಿದ ಪಾಠ ನೆನಪಿತ್ತು. ಒಣ ಮಣ್ಣು ವಿದ್ಯುತ್ತನ್ನು ತಡೆಯುತ್ತದೆ, ಹಸಿ ಮಣ್ಣು ಒಯ್ಯುತ್ತದೆ. "ಈ ಹೊಲದಾಗ ವರ್ಷಪೂರ್ತಿ ಹಸಿ ಇರೋ ಜಾಗ ಒಂದ ಐತಿ ಕೊಟ್ರಪ್ಪ, ಅತ್ತಿ ನೀರು ಹಾಕೋ ಜಾಗ" ಎಂದೆ. ಕೊಳವೆ ಗದ್ದುಗೆಯ ಬುಡಕ್ಕೆ ಬಂತು. ಬಲ್ಬು ಹೊತ್ತಿತು.

ಅಂದಿನಿಂದ ಅತ್ತೆ ಚರಿಗೆಯ ನೀರು ಸುರಿದಂತೆಲ್ಲ ಬಲ್ಬು ಬೆಳಗುತ್ತದೆ. ನೆಲ ಆರಿದಂತೆ ಮಂಕಾಗುತ್ತದೆ. "ನೀರು ಕುಡದ ನನ ಮಗ" ಎನ್ನುತ್ತಾರೆ ಅತ್ತೆ. ಬರಿಗಾಲಿಗೆ ಜುಮ್ ಎಂದರೆ, "ಕಾಲು ಮುಟ್ಟಿ ನಮಸ್ಕಾರ ಮಾಡ್ತಾನ." ಗದ್ದುಗೆಯ ಹತ್ತಿರ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಹತ್ತು ತಿಂಗಳು ಇದನ್ನೆಲ್ಲ ಕೇಳಿದೆ, ತಿದ್ದಲಿಲ್ಲ. ಎಪ್ಪತ್ತು ದಾಟಿದ ಹೆಂಗಸಿಗೆ ತಿದ್ದಿ ಹೇಳಿ ನಾನು ಪಡೆಯುವುದೇನು ಎಂದುಕೊಂಡೆ. ಕಾರಣ ಅದೇ ಆಗಿತ್ತೋ ಇಲ್ಲವೋ.

ಇನ್‌ಸ್ಪೆಕ್ಟರ್ ದೊಡ್ಡಬಸಪ್ಪ ಕೊಪ್ಪಳದಿಂದ ಬಂದದ್ದು ಪಂಪಿನ ಕನೆಕ್ಷನ್ನನ್ನು ಯಜಮಾನರ ಹೆಸರಿನಿಂದ ಕೊಟ್ರಪ್ಪನ ಹೆಸರಿಗೆ ಮಾಡುವ ಮೊದಲಿನ ತಪಾಸಣೆಗೆ. ಹಿಡಿ ತಿರುಗಿಸಿ ನೋಡುವ ಕಪ್ಪು ಪೆಟ್ಟಿಗೆ ತಂದಿದ್ದರು. ಕೋಣೆಯಲ್ಲಿ ತಿರುಗಿಸಿದರು, ಮುಳ್ಳು ಏಳಲಿಲ್ಲ, ಅಂದರೆ ಕರೆಂಟು ಎಲ್ಲೋ ನೆಲಕ್ಕೆ ಸೋರುತ್ತಿದೆ. ಹೊರಗೆ ಬಂದು ತಂತಿಯ ಜಾಡು ಹಿಡಿದು ನಡೆದರು. ಬೇವಿನ ಕೊಂಬೆ, ಸೈಕಲ್ ಟ್ಯೂಬು ಸುತ್ತಿದ ಗಂಟು, ಬಲ್ಬು, ಕೊಳವೆ. ಗದ್ದುಗೆ ಕಂಡು ಚಪ್ಪಲಿ ಬಿಡಲು ಹೋದವರು, ಬಿಡಲಿಲ್ಲ.

"ಇಲ್ಲಿ ನೀರು ಹಾಕೋರು ಯಾರು?"

"ನಮ್ಮವ್ವರಿ."

"ಬರಿಗಾಲಲೆ?"

"ಮತ್ತ? ಗದ್ದಗಿ ಮುಂದ ಬೂಟ್ ಹಾಕ್ಕೊಂತಾರೇನ್ರಿ?"

ಇನ್‌ಸ್ಪೆಕ್ಟರ್ ಕಾಗದ ತೆಗೆದು ಬರೆಯತೊಡಗಿದರು. ಕೊಟ್ರಪ್ಪನಿಗೆ ಹೆದರಿಕೆಯಾದರೆ ಚೇಷ್ಟೆ ಬರುತ್ತದೆ. "ಸಾಹೇಬ್ರ, ನಮ್ಮಣ್ಣ ಮ್ಯಾಟ್ರಿಕ್ ಎರಡು ಸಲ ಫೇಲಾಗಿದ್ದ. ಸತ್ತ ಮ್ಯಾಲೂ ಫೇಲ್ ಮಾಡಿ ಹೊಂಟ್ರೇನು?"

"ಫೇಲಾದವ ನೀನಪ್ಪ. ಅವರು ಪಾಸಾಗಿ ಕುಂತಾರ. ನಿಮ್ಮವ್ವನ್ನೂ ಪಾಸ್ ಮಾಡಬ್ಯಾಡ."

ಫ್ಯೂಸ್ ಕಿತ್ತುಕೊಂಡು ಪೆಟ್ಟಿಗೆಗೆ ಸೀಸದ ಸೀಲು ಹಾಕಿದರು. ಲೈಸನ್ಸ್ ಇದ್ದ ವೈರ್‌ಮನ್‌ನಿಂದ ಎಲ್ಲ ಹೊಸದಾಗಿ ಮಾಡಿಸಿ, ಒಂದು ಕಾಗದ ಹಾಕಿದರೆ ಮತ್ತೆ ಬರುತ್ತೇನೆಂದರು. ನನ್ನ ಕಡೆ ತಿರುಗಿ, "ಅಕ್ಕೋರ, ನೀವು ಓದಿದವರು" ಎಂದರು. ಅಷ್ಟೇ.

ಸಂಜೆ ಅತ್ತೆ ಎಂದಿನಂತೆ ಚರಿಗೆ ಹಿಡಿದು ಹೋದರು. ನೀರು ಹಾಕಿದರು. ಬಲ್ಬಿನತ್ತ ನೋಡಿದರು. ಇನ್ನೊಂದು ಚರಿಗೆ ಹಾಕಿದರು. ಆಮೇಲೆ ಮತ್ತೊಂದು.

೨೮ ಏಪ್ರಿಲ್, ಗುರುವಾರ

ಎಣ್ಣೆ ದೀಪ. ನಾಲ್ಕು ಸಲ ಹಚ್ಚಿದೆವು.

೧ ಮೇ, ಭಾನುವಾರ

ಕೊಪ್ಪಳದ ವೈರ್‌ಮನ್ ಮದುವೆ ಹಂಗಾಮು ಮುಗಿಯದೆ ಬರಲಾರೆನೆಂದು ಹೇಳಿಕಳಿಸಿದ್ದಾನೆ. ಅಂದರೆ ಜೂನ್.

ಅತ್ತೆ ಮೂರು ದಿನದಿಂದ ರೊಟ್ಟಿ ಮುಟ್ಟಿಲ್ಲ. ಗಂಜಿ ಮಾಡಿ ಎದುರಿಗೆ ಕೂತೆ.

"ಉಣ್ರಿ ಅತ್ತಿ."

"ನೀ ಏನರ ಅಂದೇನು ಅವಗ?"

"ನಾ ಏನನ್ನಲಿ?"

"ಇಂಗ್ಲೀಷಿನಾಗ ಏನರ ಅಂದಿದ್ದೀ. ಅವಾಗವಾಗ ಅಂತಿದ್ದೀ, ನನಗ ತಿಳೀಬಾರದಂತ. ಅವ ಮುಖ ಸಣ್ಣ ಮಾಡಿಕೊಂಡು ಹೊಲಕ್ಕ ಹೋಗಿ ಕುಂದರತಿದ್ದ."

ಅದು ನಿಜ. ನಾನೂ ಯಜಮಾನರೂ ಜಗಳವಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಅವರಿಗೆ ನಾನೇ ಕಲಿಸಿದ ಇಂಗ್ಲಿಷು, ಸೋಲುವಷ್ಟೇ ಕಲಿಸಿದ್ದೆ.

ವಿವರಿಸಲು ನೋಡಿದೆ. ನೀರು, ಮಣ್ಣು, ಕರೆಂಟು. ಅತ್ತೆ ಪೂರ್ತಿ ಕೇಳಿಸಿಕೊಂಡರು. "ಹಂಗಂದ್ರ ಅದ ದಾರಿಲೆ ಬರತಾನ ಅನ್ನು" ಎಂದರು. ಬಟ್ಟಲು ದೂರ ಸರಿಸಿದರು.

೨ ಮೇ, ಸೋಮವಾರ

ಸೀಲು ಒಡೆದೆ.

ಸೀಸ ಇಷ್ಟು ಮೆತ್ತಗಿರುತ್ತದೆಂದು ಗೊತ್ತಿರಲಿಲ್ಲ. ತರಕಾರಿ ಹೆಚ್ಚುವ ಚಾಕು ಸಾಕಾಯಿತು. ಯಜಮಾನರ ಟ್ರಂಕಿನಲ್ಲಿ ಹಳೆಯ ಫ್ಯೂಸ್ ಒಂದಿತ್ತು, ಅವರ ಅಕ್ಷರವಿದ್ದ ಕಾಗದದಲ್ಲಿ ಸುತ್ತಿಟ್ಟಿದ್ದರು. ಅದನ್ನು ಹಾಕಿದೆ. ನನ್ನ ಲೆಕ್ಕ ಸ್ಪಷ್ಟವಿದೆ: ಉಪವಾಸ ಈ ವಾರದಲ್ಲೇ ಅತ್ತೆಯನ್ನು ಕೊಲ್ಲುತ್ತದೆ, ಕರೆಂಟು ಕೊಲ್ಲಬಹುದು ಅಥವಾ ಕೊಲ್ಲದಿರಬಹುದು. ವೈರ್‌ಮನ್ ಬರುವವರೆಗೆ ಮಾತ್ರ. ದಿನಾ ಸಂಜೆ ನಾನೂ ಜೊತೆಗೆ ಹೋಗುತ್ತೇನೆ.

ಅತ್ತೆ ಅರ್ಧ ರೊಟ್ಟಿ, ಒಂದು ಬಟ್ಟಲು ಮಜ್ಜಿಗೆ. ಕೊಟ್ರಪ್ಪ ಬಲ್ಬು ನೋಡಿ ನನ್ನ ಮುಖ ನೋಡಿದ. "ನಾ ಅಲ್ಲ ವೈನಿ, ಗವಿಮಠದಾಣಿ." "ನನಗ ಗೊತ್ತು" ಎಂದೆ.

೯ ಮೇ, ಸೋಮವಾರ

ಇವತ್ತು ನೀರು ಹಾಕುವ ಮೊದಲೇ ಬಲ್ಬು ಬೆಳಗಿತು. ಅತ್ತೆ ಇನ್ನೂ ಬದುವಿನ ಮೇಲಿದ್ದರು, ನಾನು ಹತ್ತು ಹೆಜ್ಜೆ ಮುಂದಿದ್ದೆ.

ಊರಿನ ಹಿಟ್ಟಿನ ಗಿರಣಿ ಆ ಹೊತ್ತಿಗೆ ನಿಲ್ಲುತ್ತದೆ. ಗಿರಣಿ ನಿಂತರೆ ಲೈನಿನಲ್ಲಿ ಕರೆಂಟು ಜೋರಾಗುತ್ತದೆ. ಕಾರಣವನ್ನು ಬರೆದಿಟ್ಟಿದ್ದೇನೆ, ಮರೆಯಬಾರದೆಂದು.

೧೩ ಮೇ, ಶುಕ್ರವಾರ

ಚಪ್ಪಲಿ ಬಿಟ್ಟು ಹೋದೆ. ಪರೀಕ್ಷೆಗೆ. ಅತ್ತೆ ದಿನಾ ನಿಲ್ಲುವ ಜಾಗ ಎಷ್ಟು ಅಪಾಯದ್ದೆಂದು ತಿಳಿಯದೆ ಜೊತೆಯಲ್ಲಿ ಹೋಗಿ ಏನು ಪ್ರಯೋಜನ?

ಮೊದಲು ಏನೂ ಇಲ್ಲ. ಅತ್ತೆ ನೀರು ಹಾಕಿದರು. ನೀರು ಹರಿದು ನನ್ನ ಹೆಬ್ಬೆರಳಿಗೆ ತಾಗಿತು. ಇರುವೆ ಹತ್ತಿದಂತೆ ಶುರುವಾಗಿ ಮೊಣಕಾಲಿನವರೆಗೆ ಬಂತು. ನೋವಲ್ಲ. ಬಂದು, ನಿಂತು, ಮತ್ತೆ ಬಂತು. ಎರಡು ಸಲ, ಸ್ವಲ್ಪ ಬಿಟ್ಟು ಒಂದು ಸಲ.

ಊಟಕ್ಕೆ ಕೂತಾಗ ಅತ್ತೆ ನನಗೆ ಬುದ್ಧಿ ಹೇಳಲು ಹತ್ತಿದರೆ, ಯಜಮಾನರು ಮಣೆಯ ಪಕ್ಕದಿಂದ ಕಾಲಿನ ಬೆರಳಿನಿಂದ ನನ್ನ ಪಾದ ತಟ್ಟುತ್ತಿದ್ದರು. ಸುಮ್ಮನಿರು ಎಂಬಂತೆ. ಎರಡು ಸಲ, ಆಮೇಲೆ ಒಂದು. ಇದು ನನಗಲ್ಲದೆ ಯಾರಿಗೂ ಗೊತ್ತಿಲ್ಲ.

ಬೇವಿನ ಕೊಂಬೆ ಗಾಳಿಗೆ ಅಲುಗಿದರೆ ಗಂಟು ಬಿಟ್ಟು ಕೂಡುತ್ತದೆ, ಕರೆಂಟು ತಡೆತಡೆದು ಬರುತ್ತದೆ. ಗಾಳಿ ಇತ್ತೇ ಎಂದು ನೆನಪಿಸಿಕೊಳ್ಳುತ್ತಿದ್ದೇನೆ. ಇದ್ದಿರಬೇಕು.

೧೪ ಮೇ, ಶನಿವಾರ

ಇವತ್ತೂ ಹಾಗೇ ಬಂತು. ಗಾಳಿ ಇರಲಿಲ್ಲ. ಎಲೆ ನೋಡಿದೆ.

೧೭ ಮೇ, ಮಂಗಳವಾರ

ನಮ್ಮ ಹೊಲದಲ್ಲಿ ದುಡಿಯುವ ಹುಲಗಮ್ಮನ ನಾಯಿ ಸತ್ತಿದೆ. ಅವಳು ಬೆಳಿಗ್ಗೆಯೇ ಬಾಗಿಲಿಗೆ ಬಂದಳು.

"ಅಕ್ಕೋರ, ಗದ್ದಗಿ ಬುಡಕ ಬಿದ್ದೈತ್ರಿ. ಹಾವು ಕಡದದ್ದಲ್ಲ. ಹಾವು ಕಡದ್ರ ನೊರಿ ಬರ್ತೈತಿ. ಇದು ನೀರು ನೆಕ್ಕೋ ಹಾಂಗ ನಾಲಿಗಿ ಚಾಚಿ ಬಿದ್ದೈತಿ."

"ಹಾವ ಇರಬೇಕು ಹುಲಗಮ್ಮ. ಬ್ಯಾಸಗಿ, ನೀರಿನ ಜಾಗಕ್ಕ ಬರ್ತಾವು."

ಅವಳು ನನ್ನನ್ನೇ ನೋಡುತ್ತಿದ್ದಳು. "ನೀವಂತೀರಂದ್ರ ಹಾವ ಇದ್ದೀತು" ಎಂದಳು. ಹೋಗುವಾಗ ತಿರುಗಿ ನಿಂತು, ಎಂದಿನ ಚಾಳಿಯಂತೆ ನಕ್ಕಳು. "ಗಂಡ ಸತ್ತ ಹೆಣ್ಮಕ್ಕಳ ಮಾರಿ ಒಣಗತಾವು ಅಂತಾರ. ನಿಮ್ಮ ಮಾರಿ ಹೊಳಿಯಾಕ ಹತ್ತೈತಲ್ರಿ ಅಕ್ಕೋರ. ಯಾ ಎಣ್ಣಿ ಹಚ್ಚತೀರಿ, ನನಗೂ ಸ್ವಲ್ಪ ಕೊಡ್ರಿ."

ಹೋಗಿ ನೋಡಿದೆ. ನಾಯಿಯ ಮೂಗು ಕೊಳವೆಗೆ ತಾಗಿಕೊಂಡಿತ್ತು. ಇನ್ನು ಸಾಕು. ನಾಳೆ ಬೆಳಿಗ್ಗೆ ಫ್ಯೂಸ್ ತೆಗೆಯುತ್ತೇನೆ. ಅತ್ತೆಗೆ ಏನು ಹೇಳಬೇಕೆಂದು ರಾತ್ರಿ ಯೋಚಿಸಬೇಕು.

೧೮ ಮೇ, ಬುಧವಾರ

ತೆಗೆಯಲಿಲ್ಲ. ಅತ್ತೆ ಎರಡು ರೊಟ್ಟಿ ತಿಂದರು.

೧೯ ಮೇ, ಗುರುವಾರ

ಒಂದು ನಡುದಾರಿ ಕಂಡಿತು. ರಬ್ಬರ್ ಚಪ್ಪಲಿ ಮೆಟ್ಟಿಕೊಂಡರೆ ಅಪಾಯವಿಲ್ಲ. ಹೊಸ ಜೊತೆ ತಂದು ಅತ್ತೆಯ ಮುಂದೆ ಇಟ್ಟೆ.

"ಮಗನ ಎದಿ ಮ್ಯಾಲ ಮೆಟ್ಟಿನಲೆ ನಿಂದ್ರಂತಿ?"

ಚಪ್ಪಲಿ ಮೂಲೆಯಲ್ಲಿವೆ. ನಾನು ಮೆಟ್ಟಬಹುದಿತ್ತು. ಅತ್ತೆ ಬರಿಗಾಲಿನಲ್ಲಿರುವಾಗ ನಾನೊಬ್ಬಳು ಮೆಟ್ಟುವುದು ಚೆನ್ನಲ್ಲ.

೨೪ ಮೇ, ಮಂಗಳವಾರ

ಲೈನ್‌ಮನ್ ಜಿಲಾನಸಾಬ ಸೈಕಲ್ ಇಳಿದು ಬಂದ. ಯಜಮಾನರ ಗೆಳೆಯ. ಮಣ್ಣು ಕೊಡುವ ದಿನ ಹೆಗಲು ಕೊಟ್ಟವನು. ದಾರಿಯಿಂದ ಬಲ್ಬು ಕಂಡಿತ್ತು.

"ಭಾಬಿ, ಸಾಹೇಬ್ರು ಸೀಲ್ ಹಾಕಿದ್ರಲ್ಲ?"

"ತಗದಾರ. ವೈರ್‌ಮನ್ ಬಂದು ಮಾಡಿ ಹೋದ."

ಬಾಯಿಂದ ಅಷ್ಟು ಸಲೀಸಾಗಿ ಬಂತು. ಅವನು ತಂತಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದ. ಒಂದೇ ತಂತಿ. ಕುರುಡನಿಗೂ ಎಣಿಸಲು ಬರುತ್ತದೆ.

"ಯಾವ ವೈರ್‌ಮನ್ ಅಂವಾ? ನೋಡ್ರಿ ಭಾಬಿ, ನಿಮ್ಮ ಮುಂದ ನಾ ಏನು ಹೇಳಲಿ. ಗಂಗಾವತಿ ಕಡೆ ಒಂದು ಮದುವಿ ಹಂದರಕ್ಕ ಹಿಂಗ ಒಂಟಿ ತಂತಿಲೆ ಹತ್ತು ಹನ್ನೆರಡು ಬಲ್ಬ್ ಹಚ್ಚಿದ್ರು. ಅಡಗಿ ಮಾಡೋ ಹೆಣ್ಮಗಳು ಕೈ ತೊಳಿಯಾಕ ಕೊಳವಿ ಹಂತ್ಯಾಕ ಹೋದ್ಲು, ಮತ್ತ ಎದ್ದಿಲ್ಲ. ಈಗ ನಿಮ್ಮದ್ರಾಗ ಒಂದು ಬಲ್ಬ್ ಅಡ್ಡ ನಿಂತೈತಿ. ಬಾಗಲಾ ಸಣ್ಣಗ ತಗದಿಟ್ಟಂಗ. ಅದಕ್ಕ ಜುಮ್ ಅಂತೈತಿ. ಬಲ್ಬ್ ಹೆಚ್ಚಿದಂಗ ಬಾಗಲಾ ತಗೀತೈತಿ. ಆಗ ನೆಲಾ ಜುಮ್ ಅನ್ನಂಗಿಲ್ಲ, ಹಿಡೀತೈತಿ."

"ಒಂದ ಬಲ್ಬ್ ಐತಿ ಜಿಲಾನಸಾಬ."

"ಅದನ್ನೂ ತಗೀರಿ. ವಿರುಪಣ್ಣ ಇದ್ದಿದ್ರ ನನ್ನ ಕಪಾಳಕ್ಕ ಹೊಡೀತಿದ್ದ, ನೋಡಿ ಸುಮ್ಮನ ಹೋದಿ ಅಂತ."

ತಾನೇ ಕಂಬ ಹತ್ತಿ ಕತ್ತರಿಸುತ್ತೇನೆ ಎಂದ. ವರ್ಷದ ಪೂಜೆ ಮುಗಿಯಲಿ, ಹನ್ನೆರಡೇ ದಿನ ಎಂದೆ. ಅತ್ತೆಯ ಊಟದ ವಿಷಯ ಹೇಳಿದೆ. ಅದು ನಿಜವೇ. ಅವನು ಪೆಡಲ್ ತುಳಿದುಕೊಂಡು ಹೋದ.

ಅವನ ಜೊತೆ ಮಾತಾಡುವಾಗ ಬಲ್ಬು ಮಂಕಾಗಿಯೇ ಇತ್ತು. ಅವನು ದಾರಿ ಸೇರಿದ ಮೇಲೆ ಬೆಳಗಿತು. ಗಿರಣಿ ನಿಲ್ಲುವ ಹೊತ್ತು ಇನ್ನೂ ಆಗಿರಲಿಲ್ಲ. ಗಡಿಯಾರ ನೋಡಿದೆ.

೨೬ ಮೇ, ಗುರುವಾರ

ಅತ್ತೆಗೆ ಸೊಂಟ ನೋವು, ಹೊಲಕ್ಕೆ ಬರಲಿಲ್ಲ. ನಾನೊಬ್ಬಳೇ ಹೋದೆ.

ಇಂಗ್ಲಿಷಿನಲ್ಲಿ ಕೇಳಿದೆ. ಧಾರವಾಡಕ್ಕೆ ಹೋಗಬೇಡ ಎಂದಿದ್ದಿರಲ್ಲ, ಎದೆ ನೋಯುತ್ತಿರುವುದು ಆಗಲೇ ಗೊತ್ತಿತ್ತೇ? ಒಂದು ಚರಿಗೆ ನೀರು ಹಾಕಿದೆ. ಸಿಟ್ಟಿದೆಯೇ? ಇನ್ನೊಂದು ಚರಿಗೆ.

ಕತ್ತಲಾಗುವ ಮೊದಲೇ ಮನೆಗೆ ಬಂದೆ. ಏನು ಉತ್ತರ ಬಂತೆಂದು ಬರೆಯುವುದಿಲ್ಲ. ಅದು ನಮ್ಮಿಬ್ಬರ ಮಾತು. ನೀರು ಹೆಚ್ಚಾದರೆ ಬಲ್ಬು ಬೆಳಗುತ್ತದೆ ಎಂಬುದೂ ನನಗೆ ಗೊತ್ತಿದೆ. ಎರಡೂ ಗೊತ್ತಿರಬಹುದು.

ಟ್ರಂಕು ತೆಗೆದಾಗ ನೀಲಿ ಇಳಕಲ್ ಸೀರೆ ಕಂಡಿತು. ಗಾಳಿಗೆ ಹಾಕಿದ್ದೇನೆ.

೨೯ ಮೇ, ಭಾನುವಾರ

ಮುಂದಿನ ಭಾನುವಾರ ವರ್ಷದ ಪೂಜೆ. ಕೊಟ್ರಪ್ಪ ಇರಕಲ್ಲಗಡದ ನೆಂಟರಿಗೆಲ್ಲ ಹೇಳಿ ಬಂದಿದ್ದಾನೆ. ಒಂದು ಚೀಲದಲ್ಲಿ ಹತ್ತು ಬಲ್ಬು, ಹೋಲ್ಡರು, ತಂತಿ ತಂದಿದ್ದಾನೆ. ಗದ್ದುಗೆಯ ಸುತ್ತ ಗೂಟ ನಿಲ್ಲಿಸಿ ಸರ ಕಟ್ಟುತ್ತಾನಂತೆ.

"ಅಣ್ಣನ ಕಡೀ ದೀಪ ವೈನಿ. ಊರಾಗ ಯಾರ ಗದ್ದಗಿಗೂ ಇಷ್ಟು ಬೆಳಕ ಬಿದ್ದಿರಬಾರದು."

ಬೇಡ ಎನ್ನಲು ಬಾಯಿ ತೆರೆದೆ. ಜಿಲಾನಸಾಬ ಹೇಳಿದ್ದು ಒಂದೊಂದು ಅಕ್ಷರವೂ ನೆನಪಿತ್ತು. ಆದರೆ ನಾವು ಮಾತಾಡುತ್ತಿದ್ದುದು ಗದ್ದುಗೆಯ ಮುಂದೆ, ಮತ್ತು ಅದೇ ಕ್ಷಣದಲ್ಲಿ ಬಲ್ಬು ಎಂದೂ ಇಲ್ಲದಷ್ಟು ಬೆಳಗಿತು. ಕೊಟ್ರಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದ.

"ನೋಡು ನೋಡು, ಅಣ್ಣ ಹೂಂ ಅಂದ" ಎಂದು ನಕ್ಕ. ನಾನು ನಗಲಿಲ್ಲ. ಹೇಳಬೇಕೆಂದಿದ್ದದ್ದನ್ನು ಹೇಳಲೂ ಇಲ್ಲ.

೧ ಜೂನ್, ಬುಧವಾರ

ಶಾಲೆ ಶುರು. ಹತ್ತನೆಯ ತರಗತಿಗೆ ಹಾಜರಿ ಹಾಕುವಾಗ ಬರೆಯುವ ಕೈ ಜುಮ್ ಎಂದಿತು.

ಸಂಜೆ ಅತ್ತೆ ಬಿದ್ದರು. ಗದ್ದುಗೆಗೆ ವಿಭೂತಿ ಹಚ್ಚಿ, ಕೊಳವೆಗೂ ಹಚ್ಚಲು ಹಸಿ ಕೈ ಚಾಚಿದ್ದಾರೆ. ಕೈ ಅಂಟಿಕೊಂಡಿತು. ಬಾಯಿಂದ ಮಾತು ಹೊರಡಲಿಲ್ಲ, ನನ್ನನ್ನು ನೋಡುತ್ತಿದ್ದರು, ಅಷ್ಟೇ. ನಾನು ಅವರನ್ನು ಮುಟ್ಟದೆ ಪಂಪಿನ ಕೋಣೆಗೆ ಓಡಿ ಫ್ಯೂಸ್ ಕಿತ್ತೆ. ಅಷ್ಟು ಬುದ್ಧಿ ಇತ್ತು. ಕೊಟ್ರಪ್ಪ ಹೊತ್ತುಕೊಂಡು ಮನೆಗೆ ತಂದ. ಜೀವಕ್ಕೇನೂ ಆಗಿಲ್ಲ, ಡಾಕ್ಟರು ನೋಡಿ ಹೋದರು. ಬಲಗೈ ಮುಷ್ಟಿ ಬಿಚ್ಚುತ್ತಿಲ್ಲ.

ಹಾಲು ಕುಡಿಸುವಾಗ ಹೇಳಿದರು: "ಪಾರ್ವತಿ, ಅಂವ ನನ್ನ ಮಗ ಅಲ್ಲ."

"ಹಂಗ್ಯಾಕಂತೀರಿ ಅತ್ತಿ?"

"ನನ ಮಗ ನನ್ನ ಹಿಂಗ ಜಗ್ಗತಿರಲಿಲ್ಲ. ಹಡದವ್ವಗ ಗೊತ್ತಾಗಂಗಿಲ್ಲೇನ? ಅಲ್ಲಿ ಏನ ಕುಂತೈತೋ ಅದು ಬ್ಯಾರೇನ ಐತಿ. ಆರಿಸಿಬಿಡವ್ವ. ಕತ್ತಲಾದ್ರ ಆಗವಲ್ದ್ಯಾಕ, ಎಣ್ಣಿ ದೀಪ ಹಚ್ಚೋಣು. ಆರಿದ್ರ ಮತ್ತ ಹಚ್ಚೋಣು."

ಹೂಂ ಎಂದೆ.

ಅತ್ತೆಗೆ ವಯಸ್ಸಾಯಿತು, ಒಂದು ಪೆಟ್ಟಿಗೆ ನಂಬಿಕೆ ಹೋಗಿಬಿಟ್ಟಿದೆ. ಒಂದು ವರ್ಷ ದಿನಾ ಮಾತಾಡಿಸಿದವರು ಕೊನೆಯ ನಾಲ್ಕು ದಿನ ಇರುವಾಗ ಕೈಬಿಡುವುದೆಂದರೆ. ಪಾಪ ಅನ್ನಿಸಿತು. ತಾಯಿ, ಮಗ ಇಬ್ಬರ ಬಗ್ಗೆಯೂ.

೨ ಜೂನ್, ಗುರುವಾರ

ಕೊಟ್ರಪ್ಪ ಹೆದರಿದ್ದಾನೆ. "ನಾ ಇನ್ನ ಆ ತಂತಿ ಮುಟ್ಟಂಗಿಲ್ಲ ವೈನಿ. ಬಲ್ಬ್ ವಾಪಸ್ ಕೊಟ್ಟು ಬರತೀನಿ."

ಫ್ಯೂಸ್ ತೆಗೆದು ಟ್ರಂಕಿನಲ್ಲಿ ಇಟ್ಟಿದ್ದೇನೆ, ಇನ್ನು ಭಯವಿಲ್ಲ, ತಂದ ಬಲ್ಬು ಬರೀ ಶೋಭೆಗೆ ಇರಲಿ ಎಂದೆ. ಅವನೂ ನಂಬಿದ, ಅತ್ತೆಯೂ ನಂಬಿದರು. ಅಕ್ಕೋರು ಸುಳ್ಳು ಹೇಳುವುದಿಲ್ಲ.

ಶಾಲೆ ಬಿಟ್ಟ ಮೇಲೆ ಹೋಗಿ ಹತ್ತೂ ಬಲ್ಬುಗಳನ್ನು ನಾನೇ ಕಟ್ಟಿದೆ. ಕಷ್ಟವೇನಿಲ್ಲ, ಕೊಟ್ರಪ್ಪನಿಗಿಂತ ಅಚ್ಚುಕಟ್ಟಾಗಿ ಬಂತು. ಗಂಟುಗಳಿಗೆ ಸೈಕಲ್ ಟ್ಯೂಬಿನ ಬದಲು ಬಟ್ಟೆ ಸುತ್ತಿದೆ. ಆಮೇಲೆ ಫ್ಯೂಸ್ ಹಾಕಿ ಒಂದು ನಿಮಿಷ ನೋಡಿದೆ, ಚಪ್ಪಲಿ ಮೆಟ್ಟಿಕೊಂಡು, ದೂರದಿಂದ. ಮಣ್ಣು ಒಣಗಿತ್ತು. ಹತ್ತೂ ಬಲ್ಬುಗಳು ಕೆಂಡದ ಹಾಗೆ ಕೆಂಪಗೆ ಗದ್ದುಗೆಯ ಸುತ್ತ ಕೂತವು. ಕರೆದರೆ ಏಳುವಂತೆ.

ಫ್ಯೂಸ್ ತೆಗೆದು ಬಂದೆ. ಕೊಳವೆಯ ಸುತ್ತ ಮುಳ್ಳಿನ ಬೇಲಿ ಹಾಕಿದೆ, ದನ, ನಾಯಿ ಹೋಗಬಾರದೆಂದು.

೩ ಜೂನ್, ಶುಕ್ರವಾರ

ಇನ್‌ಸ್ಪೆಕ್ಟರ್ ದೊಡ್ಡಬಸಪ್ಪನವರಿಗೆ ಕಾಗದ ಬರೆದು ಮುಗಿಸಿದೆ. ಎರಡು ಸಲ ತಿದ್ದಿದೆ. ಕೊಳವೆಯ ಜಾಗ ತೋರಿಸಿದವಳು ನಾನು. ಸೀಲು ಒಡೆದವಳು ನಾನು. ನಾಯಿಗೆ ಹಾವು ಕಡಿದಿದೆ ಎಂದವಳು, ಜಿಲಾನಸಾಬನಿಗೆ ಸುಳ್ಳು ಹೇಳಿದವಳು ನಾನು. ಮೈದುನನ ತಪ್ಪು ಏನೂ ಇಲ್ಲ, ಪಂಪಿನ ಕನೆಕ್ಷನ್ ಅವನ ಹೆಸರಿಗೆ ಮಾಡಲು ತೊಂದರೆ ಮಾಡಬಾರದು. ದಯವಿಟ್ಟು ತಾವೇ ಬಂದು ತಂತಿ, ಕೊಳವೆ ಎಲ್ಲ ಬಿಚ್ಚಿಕೊಂಡು ಹೋಗಬೇಕು. ಬರುವ ಮೊದಲು ಯಾರೂ ಅಲ್ಲಿ ಕಾಲಿಡದಂತೆ ಕಂಬದಲ್ಲಿಯೇ ಕರೆಂಟು ನಿಲ್ಲಿಸಬೇಕು. ಏನನ್ನೂ ಮುಚ್ಚಿಟ್ಟಿಲ್ಲ. ಬಹಳ ದಿನಗಳ ಮೇಲೆ ಎದೆ ಹಗುರವಾಗಿದೆ.

ಹನ್ನೊಂದಕ್ಕೆ ಕೊಪ್ಪಳದ ಟಪಾಲು ಚೀಲ ಹೋಗುತ್ತದೆ. ಈಗ ಹತ್ತು ಗಂಟೆ. ಇವತ್ತೇ ಹಾಕಿದರೆ ನಾಳೆ ಅವರ ಕೈಸೇರುತ್ತದೆ. ಅವರು ನಾಳೆಯೇ ಬರುವ ಮನುಷ್ಯ, ಮುಖ ನೋಡಿದರೆ ಗೊತ್ತಾಗುತ್ತದೆ. ಆಗ ಭಾನುವಾರ ಎಣ್ಣೆ ದೀಪ. ವರ್ಷದ ದಿನವೇ ಕತ್ತಲು. ಮೂರು ದಿನ ತಡವಾದರೆ ಯಾರಿಗೂ ನಷ್ಟವಿಲ್ಲ ಎಂದು ಎಲ್ಲ ಕಡೆಯಿಂದ ಯೋಚಿಸಿ ನೋಡಿದ್ದೇನೆ.

ನೆಂಟರಿಗೆ ಒಂಬತ್ತರ ಮೇಲೆ ಬರಲು ಹೇಳಿಸಿದ್ದೇನೆ. ಅತ್ತೆಗೆ ಕೈ ನೋವು, ಕೊಟ್ರಪ್ಪ ಅವರ ಜೊತೆ ಮನೆಯಲ್ಲೇ ಇರುತ್ತಾನೆ. ಹುಲಗಮ್ಮನಿಗೆ ರಜೆ. ಪೂಜೆಗೆ ಮುಂಚೆ ಗದ್ದುಗೆಗೆ ಹನ್ನೊಂದು ಕೊಡ ನೀರು ಹಾಕಬೇಕು. ಅತ್ತೆಯ ಕೈಯಲ್ಲಿ ಆಗುವುದಿಲ್ಲವಾದ್ದರಿಂದ ಹೆಂಡತಿ ಹಾಕಬಹುದೆಂದು ಸ್ವಾಮಿಗಳು ಒಪ್ಪಿದ್ದಾರೆ. ಸೂರ್ಯ ಹುಟ್ಟುವ ಮೊದಲೇ ಹೋಗಿ ನಾನೊಬ್ಬಳೇ ಮುಗಿಸುತ್ತೇನೆ. ಯಾರಿಗೂ ಅಪಾಯವಿಲ್ಲ.

ಲಕೋಟೆಗೆ ಅಂಟು ಹಚ್ಚಿ ಸ್ಟಾಂಪು ಅಂಟಿಸಿ ನನ್ನ ಚೀಲದಲ್ಲಿ ಇಟ್ಟುಕೊಂಡೆ. ಟಪಾಲು ಡಬ್ಬಿ ಶಾಲೆಯ ದಾರಿಯಲ್ಲೇ ಇದೆ. ಬೇರೆ ಯಾರ ಕೈಯಲ್ಲೂ ಕೊಡುವುದಿಲ್ಲ, ಇಂಥ ಕಾಗದವನ್ನು ನಾನೇ ಹಾಕಬೇಕು.

ಕಾಗದದ ಮೇಲೆ ತಾರೀಖನ್ನೂ ಆಗಲೇ ಹಾಕಿದ್ದೇನೆ: ಸೋಮವಾರ, ಜೂನ್ ೬, ೧೯೮೩.